ಕಡ್ಡಿಮನೆ ಕಟ್ಟುವ ಇಲಿಗೆ ಯಾವ ಹೆಸರು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ನೆಲೆಸಿದ್ದೇವೆ. ಊರಿನ ಪಕ್ಕದ ಬೆಟ್ಟಗಳ ಓಕ್ ಕಾಡಿನಲ್ಲಿ ನಡೆಯುವಾಗ ದಾರಿಯ ಬದಿಯಲ್ಲಿ ಆಳೆತ್ತರದ ಕಡ್ಡಿರಾಶಿಗಳು ಅಲ್ಲಲ್ಲಿ ಕಾಣುತ್ತವೆ. ಸುಡುವುದಕ್ಕೆಂದು ಯಾರೋ ಒಟ್ಟಿದ್ದಾರೆ ಎಂದುಕೊಂಡಿದ್ದೆವು. ಅವು ಇಲಿಯ ಮನೆಗಳಂತೆ! ಅಲ್ಲಿನ ಫಲಕದಲ್ಲಿ ‘ಡಸ್ಕಿ-ಫುಟೆಡ್ ವುಡ್‌ರ್ಯಾಟ್’ ಎಂದಿದೆ. ನೆರೆಯವರು ‘ಪ್ಯಾಕ್‌ರ್ಯಾಟ್’ ಎನ್ನುತ್ತಾರೆ. ಸ್ಯಾನ್ ಡಿಯಾಗೊದ ಸ್ನೇಹಿತರು ತಮ್ಮ ಕಡೆಯದು ‘ಬಿಗ್-ಇಯರ್ಡ್’ ಎನ್ನುತ್ತಾರೆ. ಇವೆಲ್ಲ ಒಂದೇ ಪ್ರಾಣಿಯೇ? ಮಗಳು ವಾರಾಂತ್ಯದ ಕನ್ನಡ ತರಗತಿಗೆ ಇದರ ಬಗ್ಗೆ ಬರೆಯಬೇಕಾಗಿದೆ. ಕನ್ನಡದಲ್ಲಿ ಏನೆಂದು ಕರೆಯುವುದು? ಮನೆಯ ಹತ್ತಿರ ಇಂಥ ರಾಶಿ ಕಂಡರೆ ಅಪಾಯವಿದೆಯೇ?

ಉತ್ತರ: ಫಲಕ ಹೇಳಿದ್ದು ಸರಿ. ನಿಮ್ಮ ಬೆಟ್ಟದಲ್ಲಿರುವುದು ಡಸ್ಕಿ-ಫುಟೆಡ್ ವುಡ್‌ರ್ಯಾಟ್. ಶಾಸ್ತ್ರೀಯ ಹೆಸರು ನಿಯೊಟೋಮಾ ಫುಸಿಪೆಸ್. ನೆರೆಯವರ ಮಾತೂ ಸುಳ್ಳಲ್ಲ. ಪ್ಯಾಕ್‌ರ್ಯಾಟ್ ಎಂಬುದು ನಿಯೊಟೋಮಾ ಕುಲದ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿಗೆ ಜನ ಇಟ್ಟುಕೊಂಡಿರುವ ಒಟ್ಟು ಹೆಸರು. ಸ್ಯಾನ್ ಡಿಯಾಗೊದ ಸ್ನೇಹಿತರು ಹೇಳುತ್ತಿರುವುದು ಮಾತ್ರ ಬೇರೆ ಪ್ರಾಣಿ. ಆದರೆ ಅದು ಬೇರೆಯೆಂದು ಇತ್ಯರ್ಥವಾದದ್ದು 2002ರಲ್ಲಿ. ಅದಕ್ಕೆ ಮೊದಲಿನ ಬಹುಪಾಲು ಪುಸ್ತಕಗಳಲ್ಲಿ ಎರಡಕ್ಕೂ ಒಂದೇ ಹೆಸರು.

ಒಂದು ಇಲಿಗೆ ಇಷ್ಟೊಂದು ಹೆಸರು ಅಂಟಿಕೊಂಡದ್ದಕ್ಕೆ ಕಾರಣ ನೋಡಿದವರಲ್ಲಿದೆ. ವಸ್ತುಸಂಗ್ರಹಾಲಯದ ಮೇಜಿನ ಮೇಲೆ ಒಣಗಿದ ಚರ್ಮ ಹರವಿಕೊಂಡವರು ಕಾಲಿನ ಬಣ್ಣವನ್ನೂ ಕಿವಿಯ ಅಳತೆಯನ್ನೂ ನೋಡಿದರು. ಚಿನ್ನ, ಬೆಳ್ಳಿ ಹುಡುಕುತ್ತ ಗುಡಾರದಲ್ಲಿ ಮಲಗುತ್ತಿದ್ದವರು ತಮ್ಮ ಚಮಚ ಕಾಣೆಯಾದುದನ್ನು ನೋಡಿದರು. ಅದು ಕಟ್ಟಿದ ಮನೆಯನ್ನು ನೋಡಿ ಯಾರೂ ಹೆಸರಿಡಲಿಲ್ಲ ಎನ್ನುವುದು ನನ್ನ ದೂರು. ಈ ಪ್ರಾಣಿ ಜಗತ್ತಿಗೆ ತೋರಿಸುವ ಮುಖವೇ ಆ ಮನೆ. ಇಲಿಯನ್ನು ಒಮ್ಮೆಯೂ ಕಾಣದೆ ವರ್ಷಗಟ್ಟಲೆ ಆ ದಾರಿಯಲ್ಲಿ ಓಡಾಡಿದವರಿದ್ದಾರೆ. ಮನೆ ಕಾಣದವರಿಲ್ಲ.

ಇಲಿ ಎಂದರೆ ನಮಗೆ ನೆನಪಾಗುವುದು ಅಟ್ಟದ ಮೇಲಿನ ಇಲಿ, ಚರಂಡಿಯ ಹೆಗ್ಗಣ. ಅವೆರಡೂ ಮ್ಯೂರಿಡೇ ಕುಟುಂಬದವು. ಮೂಲದಲ್ಲಿ ಏಷ್ಯಾ, ಯೂರೋಪು, ಆಫ್ರಿಕಾಗಳ ಬಳಗ. ನಿಯೊಟೋಮಾ ಅಮೆರಿಕದ ಮಣ್ಣಿನದೇ ಆದ ಕುಲ, ಕ್ರೈಸಿಟಿಡೇ ಕುಟುಂಬದ್ದು. ಹ್ಯಾಮ್‌ಸ್ಟರ್, ವೋಲ್ ಎಂಬ ಮೋಟುಬಾಲದ ಇಲಿಗಳೆಲ್ಲ ಅದೇ ಕುಟುಂಬ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 40 ಸೆಂಟಿಮೀಟರ್, ಅದರಲ್ಲಿ ಅರ್ಧದಷ್ಟು ಬಾಲ. ತೂಕ 200ರಿಂದ 300 ಗ್ರಾಂ. ಮೈ ಬೂದು ಮಿಶ್ರಿತ ಕಂದು, ಹೊಟ್ಟೆ ಬಿಳಿ, ಕಣ್ಣು ಮತ್ತು ಕಿವಿ ದೊಡ್ಡವು. ಮನೆಯಿಲಿಯ ಬಾಲ ಬೋಳಾಗಿ ಹುರುಪೆ ಹುರುಪೆಯಾಗಿರುತ್ತದೆ; ಇದರ ಬಾಲದ ಮೇಲೆ ಕೂದಲಿದೆ. ದೂರದಿಂದ ಗುರುತು ಹಿಡಿಯಲು ಅಷ್ಟು ಸಾಕು. ಅಡುಗೆಮನೆಗೆ ನುಗ್ಗಿ ಬ್ರೆಡ್ಡು ಕದಿಯುವ ಸ್ವಭಾವದ್ದಲ್ಲ. ಓಕ್ ಮರದ ಎಲೆ, ಅದರ ಕಾಯಿ, ಪೊದೆಗಳ ಹಣ್ಣು, ಅಣಬೆ ಇವೇ ಅದರ ಊಟ. ಓಕ್ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಧಾರಾಳವಾಗಿರುತ್ತದೆ. ಬೇರೆ ಪ್ರಾಣಿಗಳು ಹಿಂಜರಿಯುವ ಆ ಆಹಾರ ಇದರ ಕರುಳಿಗೆ ಒಗ್ಗಿದೆ. ಮುಟ್ಟಿದರೆ ನಮ್ಮ ಮೈಯೆಲ್ಲ ಗುಳ್ಳೆಯೇಳುವ ಪಾಯ್ಸನ್ ಓಕ್ ಗಿಡವನ್ನೂ ಅದು ತಿನ್ನುತ್ತದೆ. ಮಲೆನಾಡಿನಿಂದ ಹೋದವರಿಗೆ ಹೀಗೆ ಹೇಳಿದರೆ ಅರ್ಥವಾದೀತು: ಪಾಯ್ಸನ್ ಓಕ್ ಓಕ್ ಮರವೇ ಅಲ್ಲ, ನಮ್ಮ ಗೇರು, ಹೊಲಗೇರುಗಳ ಕುಟುಂಬದ್ದು. ಸೊನೆ ತಾಗಿದವರ ಗತಿ ಎರಡೂ ಕಡೆ ಒಂದೇ.

ಇನ್ನು ಮನೆಯ ವಿಷಯ. ಓಕ್ ಮರದ ಬುಡಕ್ಕೋ ಬಿದ್ದ ದಿಮ್ಮಿಗೋ ಒರಗಿಸಿ ಕಟ್ಟಿದ ಶಂಕುವಿನಾಕಾರದ ರಾಶಿ ಅದು. ಎತ್ತರ ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್, ಬುಡದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಕೆಲವು ಇಲಿಗಳು ಮರದ ಕೊಂಬೆಗಳ ನಡುವೆಯೂ ಕಟ್ಟುತ್ತವೆ. ಹೊರಗಿನಿಂದ ಅಡ್ಡಾದಿಡ್ಡಿಯಾಗಿ ಸುರಿದಂತೆ ಕಂಡರೂ ಒಳಗೆ ಯೋಜನೆಯಿದೆ. ಸೀಳಿದ ತೊಗಟೆ, ಒಣಹುಲ್ಲು ಹಾಸಿದ ಮಲಗುವ ಕೋಣೆ ಒಂದು. ಓಕ್ ಕಾಯಿ, ಎಲೆಗಳನ್ನು ಕೂಡಿಡುವ ಉಗ್ರಾಣಗಳು ಬೇರೆ. ಹಿಕ್ಕೆ ಹಾಕುವ ಜಾಗಗಳು ಇನ್ನೂ ಬೇರೆ. ಇವನ್ನೆಲ್ಲ ಬೆಸೆಯುವ ಸುರಂಗಗಳು, ಹೊರಗೆ ಹೋಗಲು ಒಂದಕ್ಕಿಂತ ಹೆಚ್ಚು ಬಾಗಿಲು. ಹೊರಗೆ ಬೇಸಿಗೆಯ ಧಗೆಯಿದ್ದರೂ ರಾಶಿಯ ನಡುವೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ಇಷ್ಟು ದೊಡ್ಡ ಮನೆಯಲ್ಲಿ ವಾಸವಿರುವುದು ಒಂದೇ ಒಂದು ಪ್ರಾಯದ ಇಲಿ. ತಾಯಿಯಾದರೆ ಜೊತೆಗೆ ಮರಿಗಳು, ಅವೂ ದೊಡ್ಡವಾಗುವ ತನಕ. ಒಂದು ಸೂಲಿಗೆ ಎರಡು ಮೂರು ಮರಿಗಳಿರುತ್ತವೆ. ಆ ಮರಿಗಳು ಮೊಲೆತೊಟ್ಟನ್ನು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿರುತ್ತವೆಂದರೆ, ತಾಯಿ ಗಾಬರಿಯಿಂದ ಓಡಿದರೆ ಅವೂ ಅದರ ಹೊಟ್ಟೆಯಡಿ ಎಳೆದುಕೊಂಡೇ ಹೋಗುತ್ತವೆ. ಗಂಡುಮರಿಗಳು ಬೆಳೆದು ದೂರ ಹೋಗುತ್ತವೆ. ಹೆಣ್ಣುಮರಿಗಳು ತಾಯಿಯ ಆಸುಪಾಸಿನಲ್ಲಿ ನಿಲ್ಲುವುದು ಹೆಚ್ಚು. ಎಷ್ಟೋ ವೇಳೆ ತಾಯಿಯ ಮನೆಯೇ ಮಗಳ ಪಾಲಿಗೆ ಬರುತ್ತದೆ. ಇಲಿಯ ಆಯಸ್ಸು ಕೆಲವೇ ವರ್ಷ, ಮನೆಯ ಆಯಸ್ಸು ದಶಕಗಳು. ಬಂದ ಬಂದ ಇಲಿ ಇನ್ನಷ್ಟು ಕಡ್ಡಿ ಹೇರುತ್ತದೆ. ಹಾಗಾಗಿ ನೀವು ಕಂಡ ಆಳೆತ್ತರದ ರಾಶಿ ಒಂದು ಇಲಿಯ ಶ್ರಮವಲ್ಲ, ಒಂದರ ಮೇಲೊಂದು ಬಾಳಿದ ಎಷ್ಟೋ ಇಲಿಗಳದ್ದು. ಒಂದು ರಾಶಿಯ ಹತ್ತಿರವೇ ಇನ್ನೊಂದು, ಮಗದೊಂದು ಕಂಡರೆ ಅವುಗಳಲ್ಲಿ ಅಕ್ಕತಂಗಿಯರೋ ತಾಯಿಮಕ್ಕಳೋ ಇದ್ದಾರು.

ನನಗೆ ಅತ್ಯಂತ ಇಷ್ಟವಾದ ವಿವರ ಮಲಗುವ ಕೋಣೆಯದು. ಕ್ಯಾಲಿಫೋರ್ನಿಯಾ ಬೇ ಎಂಬ ಮರವನ್ನು ನೀವು ಅದೇ ಬೆಟ್ಟಗಳಲ್ಲಿ ನೋಡಿರುತ್ತೀರಿ. ದಾಲ್ಚಿನ್ನಿಯ ಕುಟುಂಬದ್ದು; ಎಲೆ ಹಿಸುಕಿ ಮೂಸಿದರೆ ಮೂಗಿಗೆ ಏಟು ಹೊಡೆದಂತೆ ಘಾಟು. ಈ ಇಲಿ ಆ ಎಲೆಗಳನ್ನು ತಂದು ಹಾಸಿಗೆಯ ಸುತ್ತ ಇಡುತ್ತದೆ. ತಿನ್ನುವುದಿಲ್ಲ, ಅಂಚುಗಳನ್ನು ಅಲ್ಲಲ್ಲಿ ಕಚ್ಚಿ ಬಿಡುತ್ತದೆ, ಕೆಲವು ದಿನಗಳಿಗೊಮ್ಮೆ ಹೊಸದನ್ನು ತರುತ್ತದೆ. ಕಚ್ಚಿದ ಕಡೆಯಿಂದ ತೈಲದ ಆವಿ ಹೊರಬರುತ್ತದೆ. ರಿಚರ್ಡ್ ಹೆಮ್ಮೆಸ್, ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎಲೆಗಳನ್ನು ಚಿಗಟದ ಮರಿಹುಳುಗಳ ಮೇಲೆ ಪರೀಕ್ಷಿಸಿದರು. ಹರಿದ ಬೇ ಎಲೆಯಿದ್ದ ಕಡೆ ಮರಿಹುಳುಗಳು ಬದುಕಿ ಉಳಿದದ್ದು ಬಹಳ ಕಡಿಮೆ. ಹಳ್ಳಿಯ ಮನೆಗಳಲ್ಲಿ ಕಾಳಿನ ಡಬ್ಬಕ್ಕೆ ಬೇವಿನ ಎಲೆ ಹಾಕಿಡುವ ಅಜ್ಜಿಯರ ಲೆಕ್ಕಾಚಾರವೇ ಇದು, ಡಬ್ಬದ ಜಾಗದಲ್ಲಿ ಹಾಸಿಗೆ ಇದೆ ಅಷ್ಟೇ. ತಲೆತಲಾಂತರದ ಹಳೇ ಮನೆಯಲ್ಲಿ ಚಿಗಟ ಸೇರಿಕೊಳ್ಳದೆ ಇರುತ್ತದೆಯೇ? ಮನೆ ಬಿಡಲಾಗದವರು ಧೂಪ ಹಾಕಲೇಬೇಕು.

ಬಾಡಿಗೆದಾರರೂ ಇರುತ್ತಾರೆ. ಸಣ್ಣ ಜಾತಿಯ ಮೂಷಿಕಗಳು, ಹಲ್ಲಿಗಳು, ಸಾಲಮ್ಯಾಂಡರ್‌ಗಳು, ಕಪ್ಪೆಗಳು, ಲೆಕ್ಕವಿಲ್ಲದಷ್ಟು ಕೀಟಗಳು ಈ ರಾಶಿಗಳ ಸಂದುಗೊಂದುಗಳಲ್ಲಿ ಬೀಡುಬಿಡುತ್ತವೆ. ಒಂದು ರಾಶಿ ಕಿತ್ತು ಹಾಕಿದರೆ ಒಂದು ಇಲಿ ಮನೆ ಕಳೆದುಕೊಂಡಿತು ಎಂದಷ್ಟೇ ಅಲ್ಲ. ಇಲಿ ತಾನೇ ಇನ್ನೊಬ್ಬರ ಊಟವೂ ಹೌದು: ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು, ತೋಳದ ಬಳಗದ ಕಯೋಟಿ, ಹಾವುಗಳು, ಗೂಬೆಗಳು. ಅಳಿವಿನ ಅಂಚಿನ ಚರ್ಚೆಯಲ್ಲಿ ದಶಕಗಳಿಂದ ಸುದ್ದಿಯಲ್ಲಿರುವ ನಾರ್ದರ್ನ್ ಸ್ಪಾಟೆಡ್ ಗೂಬೆಗೆ ಅದರ ನೆಲೆಯ ದಕ್ಷಿಣ ಭಾಗದಲ್ಲಿ ಮುಖ್ಯ ಆಹಾರವೇ ಈ ಇಲಿ.

ಈಗ ಹೆಸರುಗಳಿಗೆ ಬರೋಣ. ನಿಯೊಟೋಮಾ ಎಂಬ ಕುಲದ ಹೆಸರು 1825ರದು. ಥಾಮಸ್ ಸೇ ಮತ್ತು ಜಾರ್ಜ್ ಆರ್ಡ್ ಕೊಟ್ಟದ್ದು. ಗ್ರೀಕಿನಲ್ಲಿ ‘ಹೊಸದು’ ಮತ್ತು ‘ಕತ್ತರಿಸು’ ಎಂಬ ಪದಗಳಿಂದ ಮಾಡಿದ್ದು. ಆ ತನಕ ಪರಿಚಯವಿದ್ದ ಇಲಿಗಳಿಗಿಂತ ಇದರ ಹಲ್ಲು ಬೇರೆ, ಇದೊಂದು ಹೊಸ ಕುಲ ಎಂದು ಹೇಳುವ ಉದ್ದೇಶ. ಫುಸಿಪೆಸ್ ಎಂದರೆ ಲ್ಯಾಟಿನ್ನಿನಲ್ಲಿ ಮಬ್ಬು ಬಣ್ಣದ ಪಾದದ್ದು. ಸ್ಮಿತ್ಸೋನಿಯನ್ ಸಂಸ್ಥೆಯ ಸ್ಪೆನ್ಸರ್ ಬೇರ್ಡ್, ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಪೆಟಲೂಮದಿಂದ ಬಂದ ಮಾದರಿಯನ್ನು ನೋಡಿ 1858ರಲ್ಲಿ ಇಟ್ಟ ಹೆಸರು. ಹಿಂಗಾಲಿನ ಪಾದದ ಮೇಲ್ಭಾಗದಲ್ಲಿ ಕಂದುಬಣ್ಣದ ಕೂದಲು ಹರಡಿರುತ್ತದೆ, ಬೆರಳುಗಳು ಬಿಳಿ. ಅದೇ ಈ ‘ಡಸ್ಕಿ’. ಕತ್ತಲಲ್ಲಿ ಮಾತ್ರ ಹೊರಬರುವ ಪ್ರಾಣಿಯ ಹಿಂಗಾಲಿನ ಬಣ್ಣವನ್ನು ನೋಡಿ ಗುರುತಿಸು ಎಂದರೆ ಹೇಗೆ? ಶಾಸ್ತ್ರದ ಹೆಸರುಗಳು ಗುರುತಿಸಲು ಇರುವುದಲ್ಲ, ಗೊಂದಲವಿಲ್ಲದೆ ಉಲ್ಲೇಖಿಸಲು ಇರುವುದು ಎಂದು ನನ್ನ ವೃತ್ತಿಬಾಂಧವರು ಸಮಜಾಯಿಷಿ ಕೊಡುತ್ತಾರೆ. ಸರಿಯೇ. ಆದರೆ ಈ ಪ್ರಾಣಿಯ ವಿಷಯದಲ್ಲಿ ಆ ಉಲ್ಲೇಖವೂ ಗೊಂದಲದಿಂದ ಪಾರಾಗಲಿಲ್ಲ.

1893ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ ಸ್ಯಾನ್ ಡಿಯಾಗೊದ ಮಾದರಿಗೆ ನಿಯೊಟೋಮಾ ಮ್ಯಾಕ್ರೋಟಿಸ್ ಎಂದು ಹೆಸರಿಟ್ಟರು. ಮ್ಯಾಕ್ರೋಟಿಸ್ ಎಂದರೆ ದೊಡ್ಡ ಕಿವಿಯದು. ನಿಮ್ಮ ಸ್ನೇಹಿತರ ‘ಬಿಗ್-ಇಯರ್ಡ್’ ಬಂದದ್ದು ಇಲ್ಲಿಂದ. ಈ ಥಾಮಸ್ ತಮ್ಮ ಜೀವಮಾನದಲ್ಲಿ ಸುಮಾರು 2,000 ಸಸ್ತನಿ ಪ್ರಭೇದ, ಉಪಪ್ರಭೇದಗಳನ್ನು ವರ್ಣಿಸಿದ ಮನುಷ್ಯ. ಅವರ ಹೆಸರನ್ನು ನೆನಪಿಡಿ, ಕರ್ನಾಟಕದ ಮಾತು ಬಂದಾಗ ಮತ್ತೆ ಸಿಗುತ್ತಾರೆ. 1910ರಲ್ಲಿ ಎಡ್ವರ್ಡ್ ಗೋಲ್ಡ್‌ಮನ್ ಇಡೀ ಕುಲವನ್ನು ಪರಿಷ್ಕರಿಸುವಾಗ ಮ್ಯಾಕ್ರೋಟಿಸನ್ನು ಫುಸಿಪೆಸ್ಸಿನ ಒಂದು ಉಪಪ್ರಭೇದವೆಂದು ಇಳಿಸಿದರು. ಅಲ್ಲಿಂದ ತೊಂಬತ್ತು ವರ್ಷ, ಓರೆಗನ್‌ನಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಎಲ್ಲವೂ ಒಂದೇ ಪ್ರಭೇದ. 2002ರಲ್ಲಿ ಮಾರ್ಜೊರಿ ಮಟೋಕ್ ಅವರು ಎರಡೂ ಬಗೆ ಸಂಧಿಸುವ ಮಧ್ಯ ಕ್ಯಾಲಿಫೋರ್ನಿಯಾದ ಪ್ರದೇಶದಿಂದ ಮಾದರಿಗಳನ್ನು ತಂದು ದೇಹರಚನೆ, ಡಿಎನ್‌ಎ ಎರಡನ್ನೂ ಹೋಲಿಸಿದರು. ಥಾಮಸ್ ಹೇಳಿದ್ದು ಸರಿಯಿತ್ತು ಎಂದು ಸಾಬೀತಾಯಿತು, ಹಳೆಯ ಹೆಸರಿಗೆ ಮತ್ತೆ ಪ್ರಭೇದದ ಸ್ಥಾನ ಬಂತು.

ಇದರಿಂದ ಒಂದು ತಮಾಷೆಯೂ ಆಯಿತು. ಮಾಂಟೆರೆ ಕೌಂಟಿಯ ಕಾರ್ಮೆಲ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಹೇಸ್ಟಿಂಗ್ಸ್ ಸಂಶೋಧನಾ ತಾಣವಿದೆ. ಡಸ್ಕಿ-ಫುಟೆಡ್ ವುಡ್‌ರ್ಯಾಟ್ ಕುರಿತ ಅತ್ಯಂತ ವಿಸ್ತಾರವಾದ ಹಳೆಯ ಅಧ್ಯಯನ ನಡೆದದ್ದು ಅಲ್ಲಿ, ಪ್ರಕಟವಾದದ್ದು 1951ರಲ್ಲಿ. ಈಗಿನ ವಿಂಗಡಣೆಯ ಪ್ರಕಾರ ಅಲ್ಲಿರುವುದು ಮ್ಯಾಕ್ರೋಟಿಸ್! ಮಬ್ಬುಪಾದದ ಇಲಿಯ ಬಗ್ಗೆ ನಾವೆಲ್ಲ ಓದಿ ಕಲಿತ ಎಷ್ಟೋ ಸಂಗತಿಗಳು ಅದರ ದೊಡ್ಡಕಿವಿಯ ಸೋದರನವು. ಹೆಣ್ಣುಗಳು ತಾಯಿಯ ಹತ್ತಿರ ನೆಲೆಸುತ್ತವೆ ಎಂದು ಮೇಲೆ ಹೇಳಿದೆನಲ್ಲ, ಅದನ್ನು ವಂಶವಾಹಿಗಳ ಮೂಲಕ ತೋರಿಸಿದ ಮಟೋಕ್ ಮತ್ತು ಐಲೀನ್ ಲೇಸಿಯವರ 2004ರ ಕೆಲಸವೂ ಹೇಸ್ಟಿಂಗ್ಸ್‌ನದೇ. ಪುಣ್ಯಕ್ಕೆ ಎರಡರ ನಡವಳಿಕೆ, ಮನೆ ಕಟ್ಟುವ ಬಗೆ ಹೆಚ್ಚುಕಡಿಮೆ ಒಂದೇ. ನೋಟದಲ್ಲಂತೂ ಕಾಡಿನಲ್ಲಿ ಬೇರ್ಪಡಿಸಲಾಗದು; ಕಿವಿಯ ಅಳತೆ ಹಿಡಿದು ಕೂರಬೇಡಿ. ಊರು ನೋಡಿ ಹೇಳುವುದೇ ದಾರಿ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಮತ್ತು ಅದರಿಂದ ಉತ್ತರಕ್ಕೆ ಓರೆಗನ್‌ವರೆಗೆ ಫುಸಿಪೆಸ್, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕಡೆ ಮ್ಯಾಕ್ರೋಟಿಸ್.

ನಿಮ್ಮ ಬೆಟ್ಟದ್ದಕ್ಕೆ ಇನ್ನೂ ಒಂದು ಬಾಲಂಗೋಚಿ ಇದೆ. ಅದು ಅನೆಕ್ಟೆನ್ಸ್ ಎಂಬ ಉಪಪ್ರಭೇದ, 1898ರಲ್ಲಿ ಡೇನಿಯಲ್ ಜಿರಾಡ್ ಎಲಿಯಟ್ ಹೆಸರಿಸಿದ್ದು. ಇಂಗ್ಲಿಷಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಡಸ್ಕಿ-ಫುಟೆಡ್ ವುಡ್‌ರ್ಯಾಟ್. ಅಳಿವಿನ ಅಂಚಿನಲ್ಲೇನೂ ಇಲ್ಲ. ಆದರೂ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ವಿಶೇಷ ಕಾಳಜಿಯ ಪಟ್ಟಿಯಲ್ಲಿಟ್ಟಿದೆ. ರಸ್ತೆ, ಕಟ್ಟಡಗಳ ಕೆಲಸಕ್ಕೆ ಮುಂಚೆ ಈ ಕಡ್ಡಿಮನೆಗಳನ್ನು ಕೈಯಿಂದ ನಿಧಾನವಾಗಿ ಬಿಚ್ಚಿ, ಕಡ್ಡಿಗಳನ್ನು ಪಕ್ಕದ ಪೊದೆಗಳ ನಡುವೆ ಒಟ್ಟಿ ಇಲಿಗೆ ಹೊಸ ಜಾಗ ಮಾಡಿಕೊಡುವ ಪರಿಪಾಠ ಬಂದಿರುವುದು ಅದರಿಂದಲೇ. ನಿಜವಾಗಿ ಕಷ್ಟದಲ್ಲಿರುವುದು ರಿಪೇರಿಯಾ ಎಂಬ ಇನ್ನೊಂದು ಉಪಪ್ರಭೇದ. ಹೊಳೆಯಂಚಿನ ಕಾಡುಗಳದು, ಸ್ಟಾನಿಸ್ಲಾಸ್ ನದಿಯ ದಡದ ಕ್ಯಾಸ್ವೆಲ್ ಉದ್ಯಾನ ಅದರ ಮುಖ್ಯ ಆಸರೆ. ನೆಲದ ಮೇಲಿನ ಕಡ್ಡಿಮನೆಗೆ ನದಿಯ ನೆರೆ ಬಂದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. 2000ದಲ್ಲಿ ಅಮೆರಿಕ ಸರಕಾರ ಅದನ್ನು ಅಳಿವಿನಂಚಿನ ಜೀವಿ ಎಂದು ಘೋಷಿಸಿತು.

ಪ್ಯಾಕ್‌ರ್ಯಾಟ್, ಟ್ರೇಡ್ ರ್ಯಾಟ್ ಎರಡೂ ಜನರ ಹೆಸರುಗಳು. ಕುಲದ ಎಲ್ಲ ಇಲಿಗಳಿಗೂ ಸಿಕ್ಕಿದ್ದನ್ನು ಹೊತ್ತೊಯ್ಯುವ ಚಟ. ಕಡ್ಡಿ, ಮೂಳೆ, ಒಣ ಸಗಣಿ, ಬಾಟಲಿ ಮುಚ್ಚಳ, ಗಾಜಿನ ಚೂರು, ಏನಾದರೂ ಸರಿ. ಬಾಯಲ್ಲಿ ಒಂದು ಕಡ್ಡಿ ಕಚ್ಚಿಕೊಂಡು ಹೋಗುತ್ತಿರುವಾಗ ಅದಕ್ಕಿಂತ ಆಕರ್ಷಕವಾದ ಚಮಚವೋ ಗುಂಡಿಯೋ ಕಂಡರೆ ಮೊದಲಿನದನ್ನು ಅಲ್ಲೇ ಹಾಕಿ ಎರಡನೆಯದನ್ನು ಎತ್ತಿಕೊಳ್ಳುತ್ತದೆ. ಎರಡನ್ನೂ ಕಚ್ಚಲು ಬಾಯಿ ಸಾಲದು. ಬೆಳಗ್ಗೆ ಎದ್ದ ಗಣಿಗಾರನಿಗೆ ಚಮಚದ ಜಾಗದಲ್ಲಿ ಕಡ್ಡಿ ಸಿಗುತ್ತದೆ. ‘ವ್ಯಾಪಾರ ಮಾಡಿಕೊಂಡು ಹೋಯಿತು’ ಎಂದು ಅವನು ನಕ್ಕಿರಬೇಕು, ಅಥವಾ ಬೈದಿರಬೇಕು. ಇಂಗ್ಲಿಷಿನಲ್ಲಿ ಹಳೆಯ ಸಾಮಾನು ಬಿಸಾಡದವರಿಗೆಲ್ಲ ಈಗ ಪ್ಯಾಕ್‌ರ್ಯಾಟ್ ಎಂಬ ಬಿರುದು.

ಈ ಚಟದಿಂದ ವಿಜ್ಞಾನಕ್ಕೆ ಆಗಿರುವ ಉಪಕಾರ ಸಣ್ಣದಲ್ಲ, ಆದರೆ ಅದು ನಿಮ್ಮ ಬೆಟ್ಟದ ಇಲಿಯದಲ್ಲ, ಒಣನಾಡಿನ ಬಂಡೆಸಂದುಗಳಲ್ಲಿರುವ ಅದರ ದಾಯಾದಿಗಳದ್ದು. ಗುಹೆಯೊಳಗೆ ಕೂಡಿಟ್ಟ ಎಲೆ, ಕಾಯಿ, ಕಡ್ಡಿಗಳ ಮೇಲೆ ಆ ಇಲಿಗಳು ಮೂತ್ರ ಹೊಯ್ಯುತ್ತವೆ. ನೀರು ಆರಿ ಅದು ಕಂದು ಮೇಣದಂತೆ ಗಟ್ಟಿಯಾಗುತ್ತದೆ, ಒಳಗಿನದೆಲ್ಲ ಹಾಗೆಯೇ ಉಳಿಯುತ್ತದೆ. 1849ರಲ್ಲಿ ಚಿನ್ನದ ಆಸೆಯಿಂದ ನೆವಾಡಾದ ಮರುಭೂಮಿಯನ್ನು ದಾಟುತ್ತಿದ್ದ ಹಸಿದ ತಂಡವೊಂದು ಬಂಡೆಯಡಿ ಸಿಕ್ಕ ಇಂಥ ಹೊಳೆಯುವ ಉಂಡೆಗಳನ್ನು ಮಿಠಾಯಿ ಎಂದು ತಿಂದಿತು. ಸಿಹಿಯಾಗಿಯೇ ಇತ್ತಂತೆ, ಆಮೇಲೆ ಹೊಟ್ಟೆ ತೊಳೆಸಿತು. 1964ರಲ್ಲಿ ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜಾರ್ಗೆನ್ಸನ್ ಮೊಹಾವಿ ಮರುಭೂಮಿಯ ಇಂಥ ರಾಶಿಗಳಿಗೆ ರೇಡಿಯೊಕಾರ್ಬನ್ ಕಾಲನಿರ್ಣಯ ಮಾಡಿಸಿ, ಈಗ ಬರೀ ಕುರುಚಲಿರುವ ಕಡೆ ಹಿಮಯುಗದಲ್ಲಿ ಜುನಿಪರ್ ಮರಗಳಿದ್ದವೆಂದು ತೋರಿಸಿದರು. ರೇಡಿಯೊಕಾರ್ಬನ್ ತಲುಪಬಹುದಾದ ಅಂಚಿನವರೆಗೂ, ಅಂದರೆ 40,000 ವರ್ಷಕ್ಕಿಂತ ಹಿಂದಿನವರೆಗೂ ಹೋಗುವ ರಾಶಿಗಳು ಸಿಕ್ಕಿವೆ. ನ್ಯೂ ಮೆಕ್ಸಿಕೊದ ಚಾಕೊ ಕಣಿವೆಯಲ್ಲಿ, ಮೂಲನಿವಾಸಿ ಪ್ಯೂಬ್ಲೊ ಜನ ಬೃಹತ್ ಕಟ್ಟಡಗಳನ್ನು ಕಟ್ಟಿದ ಜಾಗದ ಸುತ್ತ ಒಂದು ಕಾಲಕ್ಕೆ ಮರಗಳಿದ್ದವೆಂಬ ಸಾಕ್ಷ್ಯವೂ ಇಲಿಗಳ ಉಗ್ರಾಣದಿಂದಲೇ ಬಂದದ್ದು. ನಿಮ್ಮ ಕಡೆ ಚಳಿಗಾಲದಲ್ಲಿ ಮಳೆ ಬೀಳುವುದರಿಂದ ಬಯಲಿನ ಕಡ್ಡಿಮನೆ ಅಷ್ಟು ಕಾಲ ಉಳಿಯುವುದಿಲ್ಲ, ಕೊಳೆತು ಮಣ್ಣಾಗುತ್ತದೆ.

ಮಗಳ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಈ ಪ್ರಾಣಿಗೆ ರೂಢಿಯ ಹೆಸರಿಲ್ಲ, ಇರಲು ಕಾರಣವೂ ಇಲ್ಲ. ‘ಕಾಡಿಲಿ’ ಎಂದು ಬರೆಯುವುದು ಸುಲಭ, ಆದರೆ ಬೇಡ ಎನ್ನುತ್ತೇನೆ. ಕಾಡಿನಲ್ಲಿರುವ ಇಲಿಗಳು ಕರ್ನಾಟಕದಲ್ಲಿಯೇ ಹಲವು. ಅದರ ಮೇಲೆ, ಭಾರತದ ಪ್ರಾಣಿಗಳ ಇಂಗ್ಲಿಷ್ ಪುಸ್ತಕಗಳಲ್ಲಿ ‘ವೈಟ್-ಟೇಲ್ಡ್ ವುಡ್ ರ್ಯಾಟ್’ ಎಂಬ ಇನ್ನೊಂದು ಪ್ರಾಣಿ ಇದೆ: ಮ್ಯಾಡ್ರೊಮಿಸ್ ಬ್ಲಾನ್‌ಫರ್ಡಿ, ಬಾಲದ ಹಿಂಭಾಗ ಬಿಳಿ, ನಮ್ಮ ಕಾಡುಗಳಲ್ಲೂ ಇದೆ. 1881ರಲ್ಲಿ ಅದನ್ನು ವರ್ಣಿಸಿದವರು ಅದೇ ಓಲ್ಡ್‌ಫೀಲ್ಡ್ ಥಾಮಸ್. ಮಾದರಿ ಆಂಧ್ರದ ಕಡಪದ್ದು. ಕ್ಯಾಲಿಫೋರ್ನಿಯಾದ್ದಕ್ಕೂ ಅದಕ್ಕೂ ಕುಟುಂಬವೇ ಬೇರೆ, ನೆಂಟಸ್ತಿಕೆ ಏನಿದ್ದರೂ ಇಂಗ್ಲಿಷ್ ಹೆಸರಿನಲ್ಲಿ ಮಾತ್ರ. ‘ಮಬ್ಬುಪಾದದ ಇಲಿ’ ಎಂದರೆ ತಪ್ಪಾಗದು, ಆದರೆ ಓದಿದ ಕನ್ನಡ ಮಗುವಿಗೆ ಏನೂ ಕಾಣುವುದಿಲ್ಲ. ನಾನಾದರೆ ‘ಕಡ್ಡಿಮನೆ ಇಲಿ’ ಎಂದು ಬರೆದು, ಮೊದಲ ಸಲ ಬಳಸುವಾಗ ‘ಅಮೆರಿಕದ ವುಡ್‌ರ್ಯಾಟ್’ ಎಂದು ಸೇರಿಸುತ್ತೇನೆ. ಹೆಸರು ಕೇಳಿದವನು ಆ ಬೆಟ್ಟಕ್ಕೆ ಹೋದರೆ ಅವನಿಗೆ ಮೊದಲು ಕಾಣುವುದು ಕಡ್ಡಿಮನೆಯೇ.

ಮನೆ ಕಟ್ಟುವ ಕಾಡಿನ ಇಲಿ ನಮ್ಮಲ್ಲಿ ಇಲ್ಲವೆಂದಲ್ಲ. ಮಗಳು ತರಗತಿಯಲ್ಲಿ ಹೇಳಲು ಯೋಗ್ಯವಾದ ಕಥೆ ಇದು. ಸರ್ ವಾಲ್ಟರ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಧಾರವಾಡದ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದರು. (ಅನೆಕ್ಟೆನ್ಸ್‌ಗೆ ಹೆಸರಿಟ್ಟ ಎಲಿಯಟ್ ಬೇರೆ.) 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬರು ಇವರೇ. ಬಿಡುಗಡೆಯಾಗಿ ಬದುಕಿದ್ದು ಕನ್ನಡಕ್ಕೂ ಒಳ್ಳೆಯದಾಯಿತು. ಮುಂದೆ ಶಾಸನಗಳನ್ನು ಕೂಡಿಹಾಕಿದರು, ಪ್ರಾಣಿಗಳನ್ನೂ ಕೂಡಿಹಾಕಿದರು. 1839ರಲ್ಲಿ ಅವರು ಪ್ರಕಟಿಸಿದ ಆ ಸೀಮೆಯ ಸಸ್ತನಿಗಳ ಪಟ್ಟಿಯಲ್ಲಿ ಸ್ಥಳೀಯ ಹೆಸರುಗಳಿಗೂ ಜಾಗವಿದೆ. ಅದರಲ್ಲಿ ಒಂದು ಇಲಿ ಗುಲಂದಿ. ರೋಮನ್ ಅಕ್ಷರಗಳಲ್ಲಿ ಬರೆದದ್ದರಿಂದ ಗುಳಂದಿ ಎಂದೂ ಓದಬಹುದು. ದಟ್ಟವಾದ ಮುಳ್ಳುಪೊದೆಯಲ್ಲಿ ಒಣಹುಲ್ಲಿನ ದಂಟು, ನಾರುಗಳನ್ನು ಹೆಣೆದು ಆರರಿಂದ ಒಂಬತ್ತು ಅಂಗುಲದ ದುಂಡನೆಯ ಗೂಡು ಕಟ್ಟುತ್ತದೆ, ಒಳಗಿನ ಮೂರು ನಾಲ್ಕು ಅಂಗುಲದ ಪೊಟರೆಯಲ್ಲಿ ಮುದುಡಿ ಮಲಗುತ್ತದೆ, ಪೊದೆಯ ಸುತ್ತ ಅದು ಓಡಾಡಿ ಸವೆದ ಪುಟ್ಟ ದಾರಿಗಳಿರುತ್ತವೆ, ಒಂಟಿ ಜೀವಿ, ಬೇರೆ ಇಲಿಗಳಂತೆ ನೆಗೆಯದು, ಕುಯ್ದು ನೋಡಿದಾಗ ಹೊಟ್ಟೆಯಲ್ಲಿ ಗರಿಕೆಯ ಬೇರು ಸಿಕ್ಕಿತು ಎಂದೆಲ್ಲ ಎಲಿಯಟ್ ಬರೆದಿದ್ದಾರೆ. ಇದಕ್ಕೆ ಎರಡು ವರ್ಷ ಮೊದಲು, 1837ರಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಇದೇ ಪ್ರಾಣಿಗೆ ಕೊಟ್ಟ ಶಾಸ್ತ್ರೀಯ ಹೆಸರು ಗೊಲುಂಡಾ ಎಲಿಯೋಟಿ. ಕುಲದ ಹೆಸರು ನಮ್ಮ ಗುಲಂದಿಯಿಂದ, ಪ್ರಭೇದದ ಹೆಸರು ಎಲಿಯಟರಿಂದ. ಜಗತ್ತಿನ ಯಾವ ಮೂಲೆಯ ವಿಜ್ಞಾನಿಯಾದರೂ ಈ ಇಲಿಯ ಹೆಸರೆತ್ತಿದಾಗ ಅರ್ಧ ಕನ್ನಡ ಮಾತನಾಡುತ್ತಾನೆ. ಗುಲಂದಿಯೂ ಕಡ್ಡಿಮನೆ ಇಲಿಯೂ ಹತ್ತಿರದ ನೆಂಟರಲ್ಲ, ಮನೆ ಕಟ್ಟುವುದನ್ನು ಎರಡೂ ಬೇರೆ ಬೇರೆಯಾಗಿ ಕಲಿತವು.

ಅಪಾಯದ ಮಾತು. ಕಾಡಿನಲ್ಲಿರುವ ರಾಶಿಯಿಂದ ನಿಮಗೆ ತೊಂದರೆಯಿಲ್ಲ, ನೀವು ಅದಕ್ಕೆ ತೊಂದರೆ ಕೊಡದಿದ್ದರೆ. ಕೋಲಿನಿಂದ ಕೆದಕುವುದು, ಮಕ್ಕಳು ಮೇಲೆ ಹತ್ತುವುದು ಬೇಡ. ಇಲಿಯೇನೂ ಮೇಲೆ ಬೀಳುವುದಿಲ್ಲ. ಆದರೆ ರಾಶಿಯಲ್ಲಿ ಉಣ್ಣೆಹುಳುಗಳಿರುತ್ತವೆ (ಇಂಗ್ಲಿಷಿನ ಟಿಕ್), ಪಶ್ಚಿಮ ತೀರದಲ್ಲಿ ಲೈಮ್ ಎಂಬ ಸೋಂಕುರೋಗ ಹರಡುವ ಜಾತಿಯೂ ಈ ಇಲಿಗಳ ಮೈಮೇಲೆ ಬೆಳೆಯುತ್ತದೆ. ಇನ್ನೊಂದು ಟ್ರಯಾಟೋಮಾ ಪ್ರೊಟ್ರ್ಯಾಕ್ಟಾ ಎಂಬ ರಕ್ತ ಹೀರುವ ತಿಗಣೆ. ಅದರ ಮೂಲ ನೆಲೆಯೇ ವುಡ್‌ರ್ಯಾಟ್ ಮನೆಗಳು. ಬೇಸಿಗೆಯ ರಾತ್ರಿ ದೀಪದ ಬೆಳಕಿಗೆ ಹಾರಿ ಬರುತ್ತದೆ, ಅದರ ಕಡಿತದಿಂದ ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ಕಿಟಕಿಗಳಿಗೆ ಜಾಲರಿ ಇದ್ದರೆ ಸಾಕು. ಒಣ ಎಲೆಗಳ ನಡುವೆ ಬುಡುಬುಡು ಸದ್ದು ಕೇಳಿ, ಬಾಲವನ್ನು ಗಿಲಕಿಯಂತೆ ಆಡಿಸುವ ವಿಷದ ರ್ಯಾಟಲ್ ಹಾವೆಂದು ಬೆಚ್ಚುವವರಿದ್ದಾರೆ. ಗಾಬರಿಯಾದ ಈ ಇಲಿ ಬಾಲವನ್ನು ಎಲೆಗಳಿಗೆ ಬಡಿದು ಅಂಥದೇ ಸದ್ದು ಮಾಡುತ್ತದೆ. ಆದರೆ ಸದ್ದು ಇಲಿಯದೇ ಇರಬೇಕು ಎಂದು ಹತ್ತಿರ ಹೋಗಬೇಡಿ. ಆ ಬೆಟ್ಟಗಳಲ್ಲಿ ನಿಜವಾದ ರ್ಯಾಟಲ್ ಹಾವುಗಳೂ ಇವೆ, ಅವೂ ಇಲಿಯ ಮನೆಯ ಹತ್ತಿರವೇ ಸುಳಿಯುತ್ತವೆ.

ಮನೆಯ ಅಂಗಳಕ್ಕೆ ಬಂದರೆ ಮುಖ್ಯ ಕಾಟ ಕಾರಿನದು. ಬಾನೆಟ್ಟಿನ ಅಡಿ ಬೆಚ್ಚಗಿರುವುದರಿಂದ ಅಲ್ಲಿ ಕಡ್ಡಿ ತುಂಬುತ್ತದೆ, ವೈರುಗಳನ್ನು ಕಡಿಯುತ್ತದೆ. ಗ್ಯಾರೇಜಿಗೆ ಅಂಟಿಕೊಂಡ ಪೊದೆ, ಸೌದೆರಾಶಿಗಳನ್ನು ತೆಗೆಯಿರಿ. ಆಗಾಗ ಬಾನೆಟ್ ಎತ್ತಿ ನೋಡಿ. ಇಲಿಪಾಷಾಣ ಮಾತ್ರ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆಯೋ ಬಾಬ್‌ಕ್ಯಾಟೋ ತಿನ್ನುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಎರಡನೇ ತಲೆಮಾರಿನ ಇಲಿವಿಷಗಳ ಮೇಲೆ ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ತಂದು, 2021ರ ಜನವರಿಯಿಂದ ನಿರ್ಬಂಧ ಹೇರಿರುವುದು ಇದೇ ಕಾರಣಕ್ಕೆ. ಅಂಗಳದಲ್ಲಿ ಆಗಲೇ ಮನೆ ಎದ್ದಿದ್ದರೆ ನೀವೇ ಕೈ ಹಾಕಬೇಡಿ, ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳಿ.

ಮಗಳಿಗೆ ಚಿತ್ರ ಬೇಕಿದ್ದರೆ ಹಗಲಿನಲ್ಲಿಯೇ, ದಾರಿಯ ಮೇಲೆ ನಿಂತು ತೆಗೆಯಲಿ. ಎತ್ತರ ತಿಳಿಯುವಂತೆ ಪಕ್ಕದಲ್ಲಿ ನೀವು ನಿಲ್ಲಿ. ಮನೆಯಲ್ಲಿ ಈಗ ಯಾರಾದರೂ ಇದ್ದಾರೆಯೇ ಎಂದು ದೂರದಿಂದಲೇ ಹೇಳಬಹುದು. ರಾಶಿಯ ಮೇಲೆ ಹೊಸದಾಗಿ ಕತ್ತರಿಸಿದ ಹಸಿರು ಚಿಗುರು ಬಿದ್ದಿದ್ದರೆ, ಬಾಗಿಲ ಕಂಡಿಗಳಲ್ಲಿ ಜೇಡರಬಲೆ ಇಲ್ಲದಿದ್ದರೆ, ಒಳಗೆ ಇಲಿ ಮಲಗಿದೆ. ಬಲೆ ಕಟ್ಟಿ, ನಡುವೆ ಕುಸಿದಿದ್ದರೆ ಮನೆ ಖಾಲಿ. ಆದರೂ ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಿ. ಖಾಲಿ ಬಿದ್ದ ಮನೆಗೆ ಪಕ್ಕದ ಮರಿಯೊಂದು ಬಂದು ಸೇರಿಕೊಳ್ಳುವುದು ಸಾಮಾನ್ಯ.